ಇನ್ನೂ ಗಟ್ಟಿಯಾಗಿ ಒತ್ತಿ, ಮೇಡಂ

ಮೈಸೂರಿನಲ್ಲಿ ಫಿಸಿಯೋಥೆರಪಿ ಕೆಲಸ ಮಾಡುವ ನನಗೆ ದಿನಾ ಕೇಳಿಬರುವ ಮಾತು ಇದು. ಸೊಂಟನೋವು ಅಂತ ಬಂದವರು, ಕತ್ತು ಹಿಡಿದುಕೊಂಡಿದೆ ಅಂತ ಬಂದವರು, ಬೋರಲು ಮಲಗಿ ಎರಡು ನಿಮಿಷ ಆಗಿರುವುದಿಲ್ಲ. "ಇನ್ನೂ ಗಟ್ಟಿಯಾಗಿ ಒತ್ತಿ ಮೇಡಂ, ಏನೂ ಗೊತ್ತಾಗ್ತಾ ಇಲ್ಲ" ಅನ್ನುತ್ತಾರೆ. ಹಲ್ಲು ಕಚ್ಚಿ ತಡೆದುಕೊಳ್ಳುವಷ್ಟು ನೋವಾದರೆ ಮಾತ್ರ ಕೊಟ್ಟ ದುಡ್ಡಿಗೆ ಕೆಲಸ ಆಯಿತು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ.

ಇನ್ನೊಂದು ಪ್ರಶ್ನೆಯೂ ಇದೆ. "ಯಾವ ಮಸಾಜ್ ಒಳ್ಳೇದು?" ಅಭ್ಯಂಗವೋ, ಸ್ವೀಡಿಷ್ಷೋ, ಥಾಯ್ ಮಸಾಜೋ, ಆಳದ ಸ್ನಾಯುವನ್ನು ಒತ್ತುವ ಡೀಪ್ ಟಿಶ್ಯೂನೋ ಅಂತ. ಕೇಳಿದವರನ್ನು ನಾನು ತಿರುಗಿ ಕೇಳುವುದು ಇಷ್ಟೇ: ಯಾರಿಗೆ? ಯಾತಕ್ಕೆ? ಇದು ಗೊತ್ತಾಗದೆ ನಾನು ಯಾವ ಹೆಸರನ್ನೂ ಹೇಳುವುದಿಲ್ಲ. ಏಕೆಂದರೆ ಈ ಬಗೆಗಳಲ್ಲಿ ದೊಡ್ಡ ವ್ಯತ್ಯಾಸ ಇರುವುದು ಎಣ್ಣೆಯಲ್ಲೋ ಹೆಸರಿನಲ್ಲೋ ಅಲ್ಲ, ಕೈ ಎಷ್ಟು ಒತ್ತುತ್ತದೆ ಅನ್ನುವುದರಲ್ಲಿ. ಒಬ್ಬರಿಗೆ ಬೇಕಾದ ಒತ್ತು ಇನ್ನೊಬ್ಬರಿಗೆ ಅಪಾಯ.

ನನ್ನ ಅಜ್ಜಿಯಿಂದಲೇ ಶುರು ಮಾಡುತ್ತೇನೆ. ಅವರು ನಂಜನಗೂಡಿನ ಹತ್ತಿರದ ಹಳ್ಳಿಯವರು. ಊರಿನಲ್ಲಿ ಯಾರಿಗೆ ಹೆರಿಗೆಯಾದರೂ ಬಾಣಂತಿಗೂ ಕೂಸಿಗೂ ನೀರು ಹಾಕಲು ಅವರನ್ನೇ ಕರೆಯುತ್ತಿದ್ದರು. ಬಚ್ಚಲಲ್ಲಿ ಮಣೆ ಹಾಕಿ ಕೂತು, ಸೀರೆ ಎತ್ತಿ ಕಟ್ಟಿ, ಕಾಲು ಚಾಚಿ, ಎರಡೂ ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳುತ್ತಿದ್ದರು. ಎಣ್ಣೆಯನ್ನು ಮೊದಲು ತಮ್ಮ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಆಮೇಲೆ ತೊಡೆಯಿಂದ ಪಾದದ ತನಕ, ಭುಜದಿಂದ ಬೆರಳ ತನಕ ನೀವುವುದು. ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಕೈ ಆಡಿಸುವುದು. ದೊಡ್ಡ ಕರುಳು ಸಾಗುವ ದಿಕ್ಕೂ ಅದೇ ಅಂತ ನಾನು ಕಾಲೇಜಿನಲ್ಲಿ ಕಲಿತೆ. ಕೊನೆಗೆ ಬಲಗೈ ಎಡಗಾಲು, ಎಡಗೈ ಬಲಗಾಲು ಸೇರಿಸಿ ಮೆಲ್ಲಗೆ ಮಡಿಸಿ ಬಿಡಿಸುವುದು. ನೀರು ಹಾಕಿ, ಒರೆಸಿ, ಸಾಂಬ್ರಾಣಿ ಹೊಗೆ ತೋರಿಸಿ ಬಟ್ಟೆಯಲ್ಲಿ ಸುತ್ತಿದರೆ ಕೂಸು ಗಂಟೆಗಟ್ಟಲೆ ನಿದ್ದೆ.

ಕೂಸಿನ ಮೈಮೇಲೆ ಅವರ ಕೈ ತೀರಾ ಹಗುರವಾಗಿ ಇರುತ್ತಿರಲಿಲ್ಲ. ನೋಡುವವರಿಗೆ ಸ್ವಲ್ಪ ಭಯವೇ ಆಗುತ್ತಿತ್ತು. "ಸುಮ್ನೆ ಸವರಿದ್ರೆ ಕೂಸಿಗೆ ಕಚಗುಳಿ ಆಗ್ತದೆ ಕಣವ್ವ, ಅದು ಮೈ ಬಿಗಿ ಮಾಡ್ಕೊಳ್ತದೆ" ಅನ್ನುತ್ತಿದ್ದರು. 1986ರಲ್ಲಿ ಅಮೆರಿಕದ ಸಂಶೋಧಕಿ ಟಿಫನಿ ಫೀಲ್ಡ್ ಮತ್ತು ಅವರ ಜೊತೆಯವರು, ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. 10 ದಿನಗಳ ಕಾಲ, ದಿನಕ್ಕೆ 3 ಸಲ, ಒಂದೊಂದು ಸಲಕ್ಕೆ 15 ನಿಮಿಷ ಮೈ ನೀವಿ ಕೈಕಾಲು ಆಡಿಸಿದ ಕೂಸುಗಳು ಉಳಿದ ಕೂಸುಗಳಿಗಿಂತ ದಿನಕ್ಕೆ ಶೇಕಡ 47ರಷ್ಟು ಜಾಸ್ತಿ ತೂಕ ಏರಿಸಿಕೊಂಡವು. ಎರಡೂ ಗುಂಪು ಕುಡಿದ ಹಾಲು ಮಾತ್ರ ಹೆಚ್ಚುಕಡಿಮೆ ಒಂದೇ. ಹಗುರವಾಗಿ ಸವರುವುದಕ್ಕಿಂತ ಮಧ್ಯಮ ಒತ್ತಿನಿಂದ ತೂಕ ಚೆನ್ನಾಗಿ ಏರುತ್ತದೆ ಅಂತ ಅವರ ತಂಡ ಮುಂದೆ ಇನ್ನೊಂದು ಅಧ್ಯಯನದಲ್ಲಿ ತೋರಿಸಿತು. ಅಜ್ಜಿ ಓದು ಬರಹ ಬಲ್ಲವರಲ್ಲ. ಅವರ ಕೈಗೆ ಇದು ಗೊತ್ತಿತ್ತು.

ಹಾಗಂತ ಹಳೆಯದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಕೂಸಿನ ಮೂಗಿಗೂ ಕಿವಿಗೂ ಎಣ್ಣೆ ಬಿಡುವುದನ್ನು ದಯವಿಟ್ಟು ನಿಲ್ಲಿಸಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ, ಅದು ಬೇಗ ವಾಸಿಯಾಗುವುದಿಲ್ಲ. ಹುಟ್ಟಿದ ಕೂಸಿನ ಎದೆ ಸ್ವಲ್ಪ ಉಬ್ಬಿದ್ದರೆ ಹಿಂಡಿ ಹಾಲು ತೆಗೆಯುವ ರೂಢಿ ಕೆಲವು ಕಡೆ ಈಗಲೂ ಇದೆ. ಆ ಉಬ್ಬು ತಾಯಿಯ ಹಾರ್ಮೋನಿನಿಂದ ಬಂದದ್ದು, ತಾನಾಗಿಯೇ ಇಳಿಯುತ್ತದೆ. ಹಿಂಡಿದರೆ ಕೀವು ಕಟ್ಟಬಹುದು. ಮೂಗು ನೆಟ್ಟಗಾಗಲಿ, ತಲೆ ದುಂಡಗಾಗಲಿ ಅಂತ ಒತ್ತುವುದೂ ಬೇಡ.

ಬಾಣಂತಿಯ ವಿಷಯ ಇನ್ನೂ ಸೂಕ್ಷ್ಮ. ಹರಳೆಣ್ಣೆ ಹಚ್ಚಿ, ಬೆನ್ನು ಸೊಂಟ ನೀವಿ, ಹಂಡೆಯ ಬಿಸಿನೀರು ಹುಯ್ದು, ಕಂಬಳಿ ಹೊದಿಸಿ ಮಲಗಿಸಿದರೆ ಆ ತಾಯಿಗೆ ಸಿಗುವ ನೆಮ್ಮದಿ ದೊಡ್ಡದು. ರಾತ್ರಿಯೆಲ್ಲಾ ಕೂಸಿನ ಜೊತೆ ಎದ್ದವಳ ಮೈಯನ್ನು ದಿನಕ್ಕೆ ಒಂದು ಗಂಟೆ ಯಾರೋ ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ ಅನ್ನುವುದೇ ಅರ್ಧ ಚಿಕಿತ್ಸೆ. ಆದರೆ ಸಿಸೇರಿಯನ್ ಆಗಿದ್ದರೆ ಗಾಯ ಪೂರ್ತಿ ಮಾಗಿ ಡಾಕ್ಟರು ಸರಿ ಅನ್ನುವ ತನಕ ಹೊಟ್ಟೆ ಒತ್ತಿಸಿಕೊಳ್ಳಬಾರದು.

ಮತ್ತೊಂದು ಮಾತು, ಇದನ್ನು ಎಲ್ಲರಿಗೂ ಹೇಳಿ. ಹೆರಿಗೆಯ ನಂತರದ ಮೊದಲ 6 ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಉಳಿದ ಕಾಲಕ್ಕಿಂತ ಜಾಸ್ತಿ. ಒಂದೇ ಕಾಲು ಊದಿದೆ, ಮೀನಖಂಡ ಬಿಸಿಯಾಗಿದೆ, ಮುಟ್ಟಿದರೆ ನೋವು ಅಂದರೆ ಅದನ್ನು ನೀವಲೇಬಾರದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದವರಿಗೂ, ದೊಡ್ಡ ಆಪರೇಷನ್ ಆದವರಿಗೂ ಇದೇ ಮಾತು.

ಈ ನೀರು ಹಾಕುವ ಹೆಂಗಸರ ಬಗ್ಗೆ ನನಗೆ ಬಹಳ ಗೌರವ. ಅಜ್ಜಿಗೆ ಸಿಗುತ್ತಿದ್ದುದು ಒಂದು ಸೀರೆ, ಸ್ವಲ್ಪ ರಾಗಿ, ಎಲೆ ಅಡಿಕೆಯ ಜೊತೆ ಒಂದಿಷ್ಟು ಕಾಸು. ಈಗ ಊರುಗಳಲ್ಲಿ ತಿಂಗಳ ಲೆಕ್ಕದಲ್ಲಿ ಬರುವವರಿದ್ದಾರೆ. ಸ್ಪಾದಲ್ಲಿ ಒಂದು ಗಂಟೆಗೆ ಸಾವಿರಗಟ್ಟಲೆ ಕೊಡುವ ಮನೆಯವರೇ ಇವರ ಹತ್ತಿರ ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ನನಗೆ ಇದು ಸಹಿಸುವುದಿಲ್ಲ. ಒಳ್ಳೆಯ ಕೈ ಸಿಕ್ಕರೆ ಒಳ್ಳೆಯ ಕೂಲಿ ಕೊಡಿ. ಹಾಗೆಯೇ ಮೂಗಿಗೆ ಎಣ್ಣೆ ಬಿಡಬೇಡಿ ಅಂತ ಮೆತ್ತಗೆ ಹೇಳಿ. ಹೇಳಿದರೆ ಕೇಳುತ್ತಾರೆ.

ಗಟ್ಟಿಯಾಗಿ ಒತ್ತುವುದು ಅಂದರೆ ನನಗೆ ನೆನಪಾಗುವುದು ಗರಡಿ ಮನೆ. ನನ್ನ ಸೋದರಮಾವ ಮೈಸೂರಿನಲ್ಲಿ ಸಾಮು ಮಾಡಿದವರು. ಬೆಳಗಿನ ಜಾವ ದಂಡ, ಬಸ್ಕಿ, ಮಟ್ಟಿಯಲ್ಲಿ, ಅಂದರೆ ಗರಡಿಯ ಮಣ್ಣಿನ ಅಂಕಣದಲ್ಲಿ, ಜೋಡಿ ಕುಸ್ತಿ. ಅದೆಲ್ಲ ಮುಗಿದ ಮೇಲೆ ಮಾಲೀಸು. ಇದಕ್ಕೆ ಹೊರಗಿನಿಂದ ಯಾರೂ ಬರುವುದಿಲ್ಲ, ಪೈಲ್ವಾನರೇ ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಾರೆ. ಕಿರಿಯರು ಉಸ್ತಾದರ ಕಾಲು ತಿಕ್ಕುತ್ತಾರೆ. ಬೆರಳಿನ ಬದಲು ಅಂಗೈ ಬುಡ, ಮುಂಗೈ, ಮೊಣಕೈ, ಕೆಲವೊಮ್ಮೆ ಪಾದವನ್ನೂ ಬಳಸುತ್ತಾರೆ. ತೊಡೆಯ ಸ್ನಾಯುವನ್ನು ಹಿಟ್ಟು ನಾದಿದ ಹಾಗೆ ನಾದುತ್ತಾರೆ. ದಸರಾ ಕುಸ್ತಿ ಹತ್ತಿರ ಬಂದಾಗ ಸಾಮೂ ಜಾಸ್ತಿ, ಮಾಲೀಸೂ ಜಾಸ್ತಿ. ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳ ಮನೆತನಗಳಿಗೆ ಉಳುಕು ತೆಗೆಯುವುದರಲ್ಲೂ ಕೀಲು ಕೂರಿಸುವುದರಲ್ಲೂ ಹಿಂದಿನಿಂದ ಹೆಸರಿದೆ.

ಪೈಲ್ವಾನನ ತೊಡೆಗೆ ಆ ಒತ್ತು ಸರಿ. ಸ್ನಾಯು ದಪ್ಪ, ವಯಸ್ಸು ಚಿಕ್ಕದು, ಮೈ ಪಳಗಿದೆ. ಅದರಿಂದ ನಿಜವಾಗಿಯೂ ಏನಾಗುತ್ತದೆ ಅಂತ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ನೋಡಿದರು. 2012ರಲ್ಲಿ ಪ್ರಕಟವಾದ ಅಧ್ಯಯನ. 11 ಹುಡುಗರಿಗೆ ಸುಸ್ತಾಗುವ ತನಕ ಸೈಕಲ್ ತುಳಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಸಾಜ್ ಮಾಡಿದರು. ಆಮೇಲೆ ಎರಡೂ ತೊಡೆಗಳಿಂದ ಸ್ನಾಯುವಿನ ಸಣ್ಣ ಚೂರು ತೆಗೆದು ಪರೀಕ್ಷಿಸಿದರು. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆಯಾಗಿದ್ದವು. ಆದರೆ "ಮಸಾಜ್ ಮಾಡಿದರೆ ಲ್ಯಾಕ್ಟಿಕ್ ಆಸಿಡ್ ಹೊರಗೆ ಹೋಗುತ್ತದೆ" ಅಂತ ಜಿಮ್‌ಗಳಲ್ಲಿ ಹೇಳುತ್ತಾರಲ್ಲ, ಅದರ ಸುಳಿವೇ ಇರಲಿಲ್ಲ. ಗುಂಪು ಚಿಕ್ಕದು, ನಿಜ. ಆದರೂ ಓಡುವವರಿಗೆ, ಆಡುವವರಿಗೆ ನಾನು ಹೇಳುವುದು ಇದನ್ನೇ: ಮೈಕೈ ನೋವು ಇಳಿಯಲು, ಮೈ ಸಡಿಲವಾಗಲು ಮಾಲೀಸು ಒಳ್ಳೆಯದು. ಕಸ ತೆಗೆಯುವ ಕೆಲಸ ಅದರದ್ದಲ್ಲ.

ಅದೇ ಗರಡಿಯ ಒತ್ತನ್ನು ಐವತ್ತು ದಾಟಿದ, ದಿನವಿಡೀ ಕುರ್ಚಿಯಲ್ಲಿ ಕೂರುವ ಮೇಷ್ಟರ ಸೊಂಟಕ್ಕೆ ಹಾಕಬೇಕಾ? ಬೇಡ. ನನ್ನ ಹತ್ತಿರ ಬರುವ ಬಹುಪಾಲು ಜನ ಇಂಥವರೇ. ಮಾರನೇ ದಿನ ಮೈ ನೀಲಿಗಟ್ಟಿಸಿಕೊಂಡು "ಚೆನ್ನಾಗಿ ಒತ್ತಿದ್ರು ಮೇಡಂ" ಅನ್ನುತ್ತಾರೆ, ನೋವು ಮಾತ್ರ ಎರಡು ಪಟ್ಟಾಗಿರುತ್ತದೆ. ನೋವು ಜೋರಾದರೆ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಇನ್ನೂ ಬಿಗಿಯಾಗುತ್ತದೆ. 2011ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹಳೆಯ ಸೊಂಟನೋವಿನ 401 ಜನರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಒಂದು ಗುಂಪಿಗೆ ಮೈ ಹಗುರಾಗುವ ಸಾಧಾರಣ ಮಸಾಜ್. ಇನ್ನೊಂದು ಗುಂಪಿಗೆ ನೋವಿನ ಮೂಲ ಹುಡುಕಿ ಆಯಾ ಸ್ನಾಯುವಿಗೆ ಮಾಡುವ ಮಸಾಜ್. ಮೂರನೆಯ ಗುಂಪಿಗೆ ಎಂದಿನ ಔಷಧೋಪಚಾರ. 10 ವಾರಗಳ ಕೊನೆಗೆ ಮಸಾಜ್ ಆದ ಎರಡೂ ಗುಂಪು ಮೂರನೆಯದಕ್ಕಿಂತ ಚೆನ್ನಾಗಿದ್ದವು. ಎರಡು ಮಸಾಜುಗಳ ನಡುವೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆ ಲಾಭ ಸುಮಾರು ಆರು ತಿಂಗಳು ಉಳಿಯಿತು, ವರ್ಷ ತುಂಬುವ ಹೊತ್ತಿಗೆ ಬಹಳ ಕಡಿಮೆಯಾಗಿತ್ತು. ಇದಕ್ಕೇ ನಾನು ಮಸಾಜ್ ಜೊತೆ ವ್ಯಾಯಾಮ ಹೇಳಿಕೊಡುವುದು. ಕೈಯಿಂದ ನೋವು ಇಳಿದ ಆ ದಿನಗಳಲ್ಲಿ ಸೊಂಟದ ಸ್ನಾಯುಗಳನ್ನು ಬಲ ಮಾಡಿಕೊಳ್ಳಬೇಕು. ಮಸಾಜ್ ಒಂದೇ ಸಾಕು ಅಂದರೆ ಮತ್ತೆ ಮತ್ತೆ ಬರಬೇಕಾಗುತ್ತದೆ.

ಆ ಸಾಧಾರಣ ಮಸಾಜನ್ನೇ ಜಗತ್ತು ಸ್ವೀಡಿಷ್ ಅನ್ನುತ್ತದೆ. ಸ್ವೀಡನ್ನಿನ ವ್ಯಾಯಾಮ ಶಿಕ್ಷಕ ಪೆರ್ ಹೆನ್ರಿಕ್ ಲಿಂಗ್ ಹೆಸರನ್ನು ಅದಕ್ಕೆ ಜೋಡಿಸುತ್ತಾರೆ. ಅದರ ಐದು ಬಗೆಯ ಕೈ ಪಟ್ಟುಗಳನ್ನು ಹೆಸರಿಟ್ಟು ವಿಂಗಡಿಸಿದವರು ಮಾತ್ರ ಹಾಲೆಂಡಿನ ಡಾಕ್ಟರ್ ಯೋಹಾನ್ ಮೆಟ್ಸ್‌ಗರ್. ಸವರುವುದು, ನಾದುವುದು, ಉಜ್ಜುವುದು, ತಟ್ಟುವುದು, ನಡುಗಿಸುವುದು. ಮೊದಲ ಸಲ ಮಸಾಜ್ ಮಾಡಿಸಿಕೊಳ್ಳುವವರಿಗೆ, ನಿದ್ದೆ ಬಾರದವರಿಗೆ, ಕೆಲಸದ ಒತ್ತಡದಲ್ಲಿ ಭುಜ ಕಿವಿಗೇರಿದವರಿಗೆ ಇದೇ ಸಾಕು.

ನಮ್ಮ ಅಭ್ಯಂಗವೂ ಮೆತ್ತಗಿನ ಮಸಾಜೇ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಆಯುರ್ವೇದದ ಕಡೆ ಹೋದರೆ ದ್ರೋಣಿ ಅನ್ನುವ ಮರದ ಮಂಚದ ಮೇಲೆ ಮಲಗಿಸಿ, ಆಚೆಗೊಬ್ಬರು ಈಚೆಗೊಬ್ಬರು ನಿಂತು, ಒಂದೇ ಲಯದಲ್ಲಿ ಬಿಸಿ ಎಣ್ಣೆ ನೀವುತ್ತಾರೆ. ಕೈಕಾಲಿಗೆ ಉದ್ದುದ್ದ, ಕೀಲುಗಳಿಗೆ ದುಂಡಗೆ. ಗಂಟುನೋವಿನವರಿಗೆ ಮಹಾನಾರಾಯಣ ತೈಲ, ನರದ ತೊಂದರೆಗೆ ಕ್ಷೀರಬಲಾ ಅಂತ ವೈದ್ಯರು ನೋಡಿ ಆರಿಸುತ್ತಾರೆ. ಆಮೇಲೆ ಹಬೆ. ದಿನಾ ಎಣ್ಣೆ ಹಚ್ಚಿಕೊಳ್ಳಿ, ಅದರಲ್ಲೂ ತಲೆ, ಕಿವಿ, ಪಾದಕ್ಕೆ ಗಮನ ಕೊಡಿ ಅಂತ ಹೇಳಿದ ಹಳೆಯ ಆಯುರ್ವೇದ ಗ್ರಂಥಕಾರ ವಾಗ್ಭಟನೇ ಅಜೀರ್ಣವಾದವರಿಗೆ, ಕಫ ಕಟ್ಟಿದವರಿಗೆ ಬೇಡ ಅಂತಲೂ ಹೇಳಿದ್ದಾನೆ. ಈಗಿನ ಸ್ಪಾಗಳಲ್ಲಿ ಈ ಬೇಡ ಅನ್ನುವ ಭಾಗವನ್ನು ಯಾರೂ ಕೇಳುವುದಿಲ್ಲ. ಬಾಗಿಲಲ್ಲೇ ಊಟ ಆಯ್ತಾ, ಜ್ವರ ಇದೆಯಾ, ಬಸುರಿಯಾ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತೀರಾ ಅಂತ ಕೇಳುವ ಜಾಗ ಒಳ್ಳೆಯ ಜಾಗ. ಏನೂ ಕೇಳದೆ ಪ್ಯಾಕೇಜಿನ ಪಟ್ಟಿ ಕೈಗಿಟ್ಟರೆ ನಾನಾದರೆ ಎದ್ದು ಬರುತ್ತೇನೆ.

ಅಭ್ಯಂಗದ ಎಣ್ಣೆ ಮೂಳೆಗೆ ಇಳಿಯುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಎಣ್ಣೆ ಬಹುಮಟ್ಟಿಗೆ ಚರ್ಮದ ಮೇಲಿನ ಪದರದಲ್ಲೇ ಉಳಿಯುತ್ತದೆ. ಚರ್ಮ ಒಡೆಯದಂತೆ ಕಾಯುತ್ತದೆ, ಕೈ ಜಾರಲು ದಾರಿ ಮಾಡಿಕೊಡುತ್ತದೆ. ಅಷ್ಟೇ ದೊಡ್ಡ ಕೆಲಸ. ಹುರುಳಿ ಹಿಟ್ಟಿನಂಥ ಪುಡಿ ಹಾಕಿ ಕೆಳಗಿನಿಂದ ಮೇಲಕ್ಕೆ ಉಜ್ಜುವ ಉದ್ವರ್ತನದಿಂದ ಚರ್ಮ ನುಣುಪಾಗುತ್ತದೆ, ಮೈ ಚುರುಕಾಗುತ್ತದೆ. ಅದರಿಂದ ಕೊಬ್ಬು ಕರಗುತ್ತದೆ ಅಂತ ದುಡ್ಡು ಕೊಡಬೇಡಿ. ನಿಮ್ಮ ಮೈಯ ಕಶ್ಮಲ ತೆಗೆಯುವ ಕೆಲಸ ಲಿವರು, ಕಿಡ್ನಿ ದಿನಾ ಮಾಡುತ್ತಿವೆ.

ಕೇರಳದಲ್ಲಿ ಕಾಳಗದ ವಿದ್ಯೆ ಕಲಿಸುವ ಕಳರಿಗಳಲ್ಲಿ ಹಗ್ಗ ಹಿಡಿದು ನಿಂತು ಪಾದದಿಂದ ನೀವುವ ಉಳಿಚ್ಚಿಲ್ ಇದೆ. ಮಳೆಗಾಲದ ಕರ್ಕಿಡಕ ಮಾಸ ಅದಕ್ಕೆ ಸರಿಯಾದ ಕಾಲ ಅನ್ನುತ್ತಾರೆ. ನಮ್ಮ ಕರಾವಳಿಯವರಿಗೆ ಆಟಿ ತಿಂಗಳು ಅಂದರೆ ಗೊತ್ತಾದೀತು, ಅದೇ ಹೊತ್ತು. ಮಂಗಳೂರು, ಉಡುಪಿಯಿಂದ ಹೋಗಿ ಮಾಡಿಸಿಕೊಂಡು ಬರುವವರೂ ಇದ್ದಾರೆ. ಮೈ ಗಟ್ಟಿ ಇರುವವರಿಗೆ ಚೆನ್ನ. ಮೂಳೆ ಸವೆದವರಿಗೆ ಖಂಡಿತ ಬೇಡ. ಥಾಯ್ ಮಸಾಜಿನಲ್ಲಿ ಎಣ್ಣೆಯೇ ಇಲ್ಲ. ಸಡಿಲವಾದ ಬಟ್ಟೆ ಹಾಕಿಕೊಂಡು ನೆಲದ ಹಾಸಿಗೆಯ ಮೇಲೆ ಮಲಗಿದರೆ ಅವರೇ ನಿಮ್ಮ ಕೈಕಾಲು ಎಳೆದು ಮಡಿಸಿ ಯೋಗ ಮಾಡಿಸುತ್ತಾರೆ. 2019ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬುದ್ಧನ ವೈದ್ಯ ಜೀವಕನೇ ತಮ್ಮ ಮೂಲಗುರು ಅಂತ ಥಾಯ್ಲೆಂಡಿನವರು ನಂಬುತ್ತಾರೆ. ಜಪಾನಿನ ಶಿಯಾತ್ಸು ಬೆರಳೊತ್ತಿನ ಚಿಕಿತ್ಸೆ. ಅಲ್ಲಿ ಮಸಾಜ್ ಬಹಳ ಕಾಲದಿಂದ ಕಣ್ಣಿಲ್ಲದವರ ಗೌರವದ ಉದ್ಯೋಗ. 17ನೇ ಶತಮಾನದ ಸುಗಿಯಾಮ ವಾಯಿಚಿ, ಸ್ವತಃ ಕಣ್ಣಿಲ್ಲದವರು, ಅಂಥವರಿಗೆ ಈ ವಿದ್ಯೆ ಕಲಿಸಲು ಶಾಲೆಗಳನ್ನೇ ತೆರೆದರು. ನಮ್ಮಲ್ಲೂ ಇದು ದೊಡ್ಡದಾಗಿ ಆಗಬೇಕು ಅನ್ನುವುದು ನನ್ನ ಆಸೆ.

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ಮಸಾಜ್. ಎದೆಯ ಕ್ಯಾನ್ಸರಿಗೆ ಆಪರೇಷನ್ ಮಾಡುವಾಗ ಕಂಕುಳಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ಹಲವು ಸಲ ತೆಗೆಯಬೇಕಾಗುತ್ತದೆ. ಆಮೇಲೆ ಕೆಲವರಿಗೆ ಆ ಕಡೆಯ ಕೈ ಊದಿಕೊಳ್ಳುತ್ತದೆ. ಬಳೆ ಹೋಗುವುದಿಲ್ಲ, ರವಿಕೆಯ ತೋಳು ಹಿಡಿಸುವುದಿಲ್ಲ, ಕೈ ಭಾರ. ಮನೆಯವರು ಪ್ರೀತಿಯಿಂದಲೇ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುತ್ತಾರೆ. ಊತ ಇನ್ನೂ ಏರುತ್ತದೆ. ಇವರಿಗೆ ಬೇಕಾದದ್ದು ಲಿಂಫ್ ಡ್ರೈನೇಜ್, ಅಂದರೆ ಕೈಯಲ್ಲಿ ನಿಂತ ದುಗ್ಧರಸವನ್ನು ಮುಂದೆ ಸಾಗಿಸುವ ಮಸಾಜ್. 1930ರ ದಶಕದಲ್ಲಿ ಡೆನ್ಮಾರ್ಕಿನ ಎಮಿಲ್ ವೊಡರ್, ಎಸ್ಟ್ರಿಡ್ ವೊಡರ್ ದಂಪತಿ ರೂಪಿಸಿದ್ದು. ಇದರಲ್ಲಿ ಎಣ್ಣೆ ಬೇಡ. ಚರ್ಮವನ್ನು ಮೆಲ್ಲಗೆ ಸರಿಸುವಷ್ಟೇ ಒತ್ತು. ಚರ್ಮದ ಕೆಳಗಿನ ದುಗ್ಧನಾಳಗಳು ಅಷ್ಟು ಸೂಕ್ಷ್ಮ, ಜೋರಾಗಿ ಒತ್ತಿದರೆ ಮುಚ್ಚಿಹೋಗುತ್ತವೆ. ಮೊದಲು ಕತ್ತು, ಆಮೇಲೆ ಆಪರೇಷನ್ ಆಗದ ಕಡೆಯ ಕಂಕುಳು, ಎದೆ, ಭುಜ. ಮುಂದೆ ದಾರಿ ಬಿಡಿಸಿಕೊಂಡು ಕೊನೆಗೆ ಊದಿದ ಕೈಗೆ ಬರಬೇಕು. ಆಮೇಲೆ ಪಟ್ಟಿ ಸುತ್ತಿ ವ್ಯಾಯಾಮ. ಕೈ ಕೆಂಪಾಗಿ ಬಿಸಿಯಾಗಿದ್ದರೆ ಸೋಂಕು ಇರಬಹುದು, ಅವತ್ತು ಮುಟ್ಟುವುದಿಲ್ಲ, ಡಾಕ್ಟರ ಹತ್ತಿರ ಕಳಿಸುತ್ತೇನೆ.

"ಇಷ್ಟು ಹಗುರಾಗಿ ಮುಟ್ಟಿದ್ರೆ ಏನಾಗ್ತದವ್ವ?" ಅಂತ ಹುಣಸೂರಿನ ಕಡೆಯ ಒಬ್ಬ ತಾಯಿ ಕೇಳಿದ್ದರು. ಕೆಲವು ವಾರದ ಮೇಲೆ ಕೈ ಸುತ್ತಳತೆ ಇಳಿದಾಗ ಟೇಪನ್ನು ಅವರೇ ಹಿಡಿದು ನೋಡಿದರು. ಗಟ್ಟಿಯಾಗಿ ಒತ್ತಿ ಅನ್ನುವವರಿಗೆ ನಾನು ಈಗ ಇವರ ಕಥೆಯನ್ನೇ ಹೇಳುವುದು.

ಹೇರ್ ಕಟಿಂಗ್ ಅಂಗಡಿಯ ತಲೆ ಮಸಾಜ್ ಬಗ್ಗೆಯೂ ಒಂದು ಮಾತು. ತಲೆ ತಿಕ್ಕಿಸಿಕೊಳ್ಳಿ, ಹಿತವಾಗಿರುತ್ತದೆ. ಆದರೆ ಕೊನೆಗೆ ಗದ್ದ ಹಿಡಿದು ಕತ್ತನ್ನು ಲಟಕ್ ಅಂತ ತಿರುಗಿಸಲು ಬಿಡಬೇಡಿ. ಕತ್ತಿನ ಮೂಳೆಗಳ ನಡುವೆ ಮೆದುಳಿಗೆ ಹೋಗುವ ರಕ್ತನಾಳಗಳಿವೆ. ರಭಸದ ತಿರುವಿಗೆ ಅವುಗಳ ಒಳಪದರ ಹರಿದರೆ ಸ್ಟ್ರೋಕ್ ಆಗಬಹುದು. ಇದು ಅಪರೂಪ, ಆದರೆ ಚಿಕ್ಕ ವಯಸ್ಸಿನವರಿಗೂ ಆಗಿದೆ. "ಕತ್ತು ಬೇಡಣ್ಣ" ಅಂತ ಕೂರುವಾಗಲೇ ಹೇಳಿಬಿಡಿ.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ಭಾನುವಾರದ ಎಣ್ಣೆ ನೀರು ಸಾಕು. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಬಟ್ಟಲನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳಿ. ಒಲೆಯ ಮೇಲಿಟ್ಟರೆ ಎಷ್ಟು ಬಿಸಿಯಾಯಿತು ಅಂತ ಗೊತ್ತಾಗುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಸಮಾಧಾನವಾಗಿ ಹಚ್ಚಿಕೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ರಾತ್ರಿ ಮಲಗುವ ಮುಂಚೆ ಪಾದ ನೀವಿ, ನಿದ್ದೆ ಚೆನ್ನಾಗಿ ಬರುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು, ಸುಟ್ಟರೂ ಗೊತ್ತಾಗುವುದಿಲ್ಲ. ಎಣ್ಣೆಯ ಬಿಸಿಯನ್ನು ನಿಮ್ಮ ಮಣಿಕಟ್ಟಿನ ಮೇಲೆ ನೋಡಿಕೊಳ್ಳಿ. ಬೆರಳ ಸಂದಿಯಲ್ಲಿ ಎಣ್ಣೆ ಉಳಿಯದಂತೆ ಒರೆಸಿ. ಆಗಲೇ ಗಾಯ, ಬಿರುಕು ಇದೆಯಾ ಅಂತಲೂ ನೋಡಿದ ಹಾಗಾಗುತ್ತದೆ. ಎಣ್ಣೆ ಕಾಲಲ್ಲಿ ಅವರನ್ನು ಎದ್ದು ಓಡಾಡಲು ಬಿಡಬೇಡಿ. ಸ್ನಾನ ಆದ ಮೇಲೆ ಬಚ್ಚಲಿನ ನೆಲವನ್ನು ಸೀಗೆಪುಡಿಯೋ ಸೋಪಿನ ಪುಡಿಯೋ ಹಾಕಿ ಉಜ್ಜಿ ತೊಳೆಯಿರಿ. ಎಣ್ಣೆ ನೀರಿನ ಹಬ್ಬ ಮುಗಿದ ವಾರದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಂದಿರು, ಅಜ್ಜಿಯರು ನಮ್ಮ ಹತ್ತಿರ ಬರುತ್ತಾರೆ. ಗೋಡೆಗೆ ಒಂದು ಹಿಡಿ ಹಾಕಿಸಿ, ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ, ಆಮೇಲೆ ಎಣ್ಣೆ ಬಟ್ಟಲು ತೆಗೆಯಿರಿ.